ನೀರು ನಿಂತಿತು, ಕಪ್ಪೆ ಹೋಯಿತು: ಮುಳಬಾಗಿಲು ತಾಲ್ಲೂಕಿನ ಒಂದು ಗೋಕುಂಟೆ

ನಮ್ಮೂರ ಗೋಕುಂಟೆಗೆ 2021ರ ಬೇಸಿಗೆಯಲ್ಲಿ ಜೆಸಿಬಿ ಇಳಿಸಿ ಆಳ ಮಾಡಿದರು. ಮಾಡಿದವರ ಮನಸ್ಸು ಒಳ್ಳೆಯದೇ. ಆ ದಿನ ನಾನೂ ಏರಿ ಮೇಲೆ ನಿಂತು ಖುಷಿಪಟ್ಟಿದ್ದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಏಳು ಬಗೆಯ ಕಪ್ಪೆ ಕೂಗುತ್ತಿದ್ದ ಜಾಗದಲ್ಲಿ ಹೆಚ್ಚುಕಮ್ಮಿ ಒಂದೇ ಬಗೆಯ ಕಪ್ಪೆ ಉಳಿಯಿತು. ಯಾಕೆ ಹಾಗಾಯಿತು, ಆಮೇಲೆ ನಾವು ಏನು ಮಾಡಿದೆವು, ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು ಅನ್ನೋದನ್ನ ಪೂರ್ತಿ ಬರೆಯುತ್ತಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಊರೂರಿಗೂ ಇಂಥ ಕುಂಟೆ ಇದೆ, ಬೇಸಿಗೆ ಬಂದರೆ ಇದೇ ಕೆಲಸ ನಡೆಯುತ್ತದೆ.

ಮೊದಲು ಜಾಗದ ವಿಷಯ ಹೇಳುತ್ತೇನೆ. ಊರಿನ ಹಿಂದೆ ಒಂದು ದೊಡ್ಡ ಬಂಡೆ ಇದೆ, ನಮ್ಮ ಕಡೆ ಎಲ್ಲಾ ಊರಿಗೂ ಇರುವ ಹಾಗೆ. ಬಂಡೆ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಜಾರಿಕೊಂಡು ಬಂದು ಕೆಳಗಿನ ಗೋಮಾಳದ ತಗ್ಗಿಗೆ ಸೇರುತ್ತದೆ. ಆ ತಗ್ಗೇ ಕುಂಟೆ. ಮುಕ್ಕಾಲು ಎಕರೆ ಇರಬಹುದು. ನಡುವೆ ಸೊಂಟದವರೆಗೆ ನೀರು, ಅಂಚಿನಲ್ಲಿ ಪಾದ ಮುಳುಗುವಷ್ಟು ಮಾತ್ರ. ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಭರಣಿ, ಕೃತ್ತಿಕೆ ಮಳೆ ಜೋರಾಗಿ ಬಂದರೆ ಒಮ್ಮೆ ತುಂಬುತ್ತಿತ್ತು, ಜುಲೈ ಹೊತ್ತಿಗೆ ತಳ ಕಾಣುತ್ತಿತ್ತು. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಮತ್ತೆ ತುಂಬಿ, ಸಂಕ್ರಾಂತಿ ಕಳೆದ ಮೇಲೆ ಬಿರುಕು ಬಿಟ್ಟ ನೆಲ. ಬೇಸಿಗೆಯಲ್ಲಿ ಹುಡುಗರು ಅದರಲ್ಲೇ ಕ್ರಿಕೆಟ್ ಆಡುತ್ತಿದ್ದರು.

ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿಗಿಂತ ಕೆಳಗೆ ಬೋರ್‌ವೆಲ್ ಇಳಿಸಿದವರು ಪ್ರತಿ ಊರಲ್ಲೂ ಇದ್ದಾರೆ. ಕುಂಟೆ ಬತ್ತಿದರೆ ನಮಗೆ ಸಂಕಟ ಆಗುವುದು ಸಹಜ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಬಂತು. ಬೇಸಿಗೆಯಲ್ಲೂ ತುಂಬಿ ನಿಂತ ಕೆರೆಗಳನ್ನು ನೋಡಿದ ಮೇಲೆ, ನಮ್ಮ ಕುಂಟೆಯಲ್ಲೂ ನೀರು ಯಾವಾಗಲೂ ಇರಬೇಕು ಅನ್ನೋ ಆಸೆ ಎಲ್ಲರಿಗೂ ಹುಟ್ಟಿತು. ನಾನು ಆ ಆಸೆಯನ್ನು ತಪ್ಪು ಅನ್ನಲಾರೆ. ಆದರೆ ಕೆರೆ ಬೇರೆ, ಕುಂಟೆ ಬೇರೆ. ಕುಂಟೆ ಬತ್ತುವುದು ರೋಗ ಅಲ್ಲ, ಅದು ಬದುಕುವ ಕ್ರಮವೇ ಹಾಗೆ. ಈ ಒಂದು ಮಾತು ನನಗೆ ಅರ್ಥ ಆಗಲು ಮೂರು ವರ್ಷ ಹಿಡಿಯಿತು.

ಬತ್ತುವ ನೀರಿನಲ್ಲಿ ಮೀನು ನಿಲ್ಲುವುದಿಲ್ಲ. ಮೀನಿಲ್ಲದ ನೀರೇ ಕಪ್ಪೆ ಮರಿಗೆ ಬೇಕಾಗಿರುವುದು. ಅಮೆರಿಕದಲ್ಲಿ ಇಂಥ ಗುಂಡಿಗಳಿಗೆ ವರ್ನಲ್ ಪೂಲ್ ಅನ್ನುತ್ತಾರೆ. ಅಲ್ಲಿ ಚಳಿಗಾಲ, ವಸಂತದಲ್ಲಿ ತುಂಬಿ ಬೇಸಿಗೆಗೆ ಒಣಗುತ್ತವೆ. ಹಿಮ ಕರಗಿ ಮೊದಲ ಬೆಚ್ಚನೆ ಮಳೆ ಬಿದ್ದ ರಾತ್ರಿ ಕಾಡಿನೊಳಗಿಂದ ವುಡ್ ಫ್ರಾಗ್ ಅನ್ನುವ ಕಪ್ಪೆಗಳು, ಹಲ್ಲಿಯಂತೆ ಕಾಣುವ ಚುಕ್ಕೆ ಸಾಲಮಾಂಡರ್‌ಗಳು ಸಾಲಾಗಿ ನಡೆದು ಬಂದು ಅಲ್ಲಿ ಮೊಟ್ಟೆ ಇಡುತ್ತವೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸಾಮಾನ್ಯ ಜನರೇ ಫೋಟೊ ತೆಗೆದು ಪುರಾವೆ ಕೊಟ್ಟು ಒಂದು ಗುಂಡಿಯನ್ನು ಸರ್ಕಾರದ ಪಟ್ಟಿಗೆ ಸೇರಿಸಬಹುದು. ನಮ್ಮಲ್ಲಿ ಸಾಲಮಾಂಡರ್ ಇಲ್ಲ, ಹಿಮ ಇಲ್ಲ, ತುಂಬುವ ಕಾಲವೂ ಬೇರೆ. ಆದರೆ ಲೆಕ್ಕ ಒಂದೇ: ಬೇಗ ತುಂಬು, ಬೇಗ ಬೆಳೆಸು, ಮೀನು ಬರುವ ಮೊದಲು ಒಣಗು.

ಹಳೆಯ ಕುಂಟೆಯಲ್ಲಿ ಏನಿತ್ತು ಅಂತ ಹೇಳಬೇಕು. ನನ್ನ ಹತ್ತಿರ ಇರುವುದು 2017ರಿಂದ ಮಳೆಗಾಲದ ರಾತ್ರಿಗಳಲ್ಲಿ ಶಾಲೆಯ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಪುಟಗಳು, ಮೊಬೈಲಿನಲ್ಲಿ ಮಾಡಿಕೊಂಡ ಒಂದಿಷ್ಟು ರೆಕಾರ್ಡಿಂಗ್. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು, ಕಪ್ಪೆ ತಜ್ಞ ಅಲ್ಲ.

ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ಹೋದರೆ ಮೊದಲು ಕಾಣುತ್ತಿದ್ದುದು ಗೋಂಕರು ಕಪ್ಪೆ. ಆ ಗಂಡು ಕಪ್ಪೆಗಳು ಮೈಗೆಲ್ಲಾ ಅರಿಶಿನ ಬಳಿದುಕೊಂಡ ಹಾಗೆ ಹಳದಿ ಆಗಿರುತ್ತವೆ, ಕೂಗುವಾಗ ಗಂಟಲಿನ ಎರಡೂ ಕಡೆ ನೀಲಿ ಗುಳ್ಳೆ ಉಬ್ಬುತ್ತದೆ. ಮಿಕ್ಕ ದಿನಗಳಲ್ಲಿ ನೋಡಿದರೆ ಕೆಸರಿನ ಬಣ್ಣ, ಅದೇ ಪ್ರಾಣಿ ಅಂತ ನಂಬುವುದೇ ಕಷ್ಟ. ಇವುಗಳ ಕಾಲನ್ನು ಟನ್ನುಗಟ್ಟಲೆ ವಿದೇಶಕ್ಕೆ ಕಳಿಸುತ್ತಿದ್ದ ಕಾಲವೂ ಇತ್ತು, 1987ರಲ್ಲಿ ಸರ್ಕಾರ ಆ ರಫ್ತು ನಿಲ್ಲಿಸಿತು. ಆಮೇಲೆ ಬಿಲಗಪ್ಪೆಗಳು. ಇವುಗಳ ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಸನಿಕೆಯಂಥ ಗಟ್ಟಿ ಗಂಟು ಇರುತ್ತದೆ. ಒಮ್ಮೆ ಒಂದನ್ನು ಅಂಗೈಯಿಂದ ಮರಳಿನ ಮೇಲೆ ಬಿಟ್ಟು ಕೂತು ನೋಡಿದೆ. ಅದು ಎಲ್ಲೂ ಓಡಲಿಲ್ಲ. ಕೂತಲ್ಲೇ ಎಡಗಾಲು, ಬಲಗಾಲು ಅಂತ ಒಂದೊಂದೇ ಹಿಂದಕ್ಕೆ ತಳ್ಳುತ್ತಾ, ಮೈಯನ್ನು ಅತ್ತ ಇತ್ತ ತಿರುವುತ್ತಾ, ಮುಖ ನನ್ನ ಕಡೆಗೇ ಇಟ್ಟುಕೊಂಡು ಬೆನ್ನಿನ ಕಡೆಯಿಂದ ನೆಲಕ್ಕೆ ಇಳಿಯಿತು. ಕೊನೆಗೆ ಎರಡು ಕಣ್ಣು ಮಾತ್ರ ಉಳಿದವು. ಅವುಗಳ ಮೇಲೂ ಮರಳು ಬಿತ್ತು. ಅಷ್ಟೇ. ವರ್ಷದ ಬಹುಪಾಲು ಅದು ಇರುವುದು ಹಾಗೆ, ಹೊಲದ ಕೆಳಗೆ, ಗೋಮಾಳದ ಕೆಳಗೆ. ಈ ಗುಂಪಿನದೇ ಒಂದು ಹೊಸ ಕಪ್ಪೆಯನ್ನು 2020ರಲ್ಲಿ ಬೆಂಗಳೂರಿನ ಅಂಚಿನ ರಾಜಾನುಕುಂಟೆಯಲ್ಲಿ ಗುರುತಿಸಿ ಬೆಂಗಳೂರಿನ ಹೆಸರೇ ಇಟ್ಟರು. ಊರಿನ ಹೆಸರಲ್ಲೇ ಕುಂಟೆ ಇದೆ ನೋಡಿ.

ಬಲೂನ್ ಕಪ್ಪೆ ನನಗೆ ಎಲ್ಲಕ್ಕಿಂತ ಇಷ್ಟ. ಗುಂಡಗೆ, ಮೂತಿ ಮೊಂಡು, ಗೆದ್ದಲು ಇರುವೆ ತಿಂದುಕೊಂಡು ತಿಂಗಳುಗಟ್ಟಲೆ ಮಣ್ಣೊಳಗೇ ಇದ್ದು ಆ ಒಂದೆರಡು ರಾತ್ರಿಗೆ ಮಾತ್ರ ಮೇಲೆ ಬರುತ್ತದೆ. ಗಂಡು ಗಾಳಿ ತುಂಬಿಕೊಂಡು ನೀರಿನ ಮೇಲೆ ಚೆಂಡಿನ ಹಾಗೆ ತೇಲುತ್ತಾ ಕೂಗುತ್ತದೆ. ಬೆಳಗ್ಗೆ ಹೋದರೆ ನೀರಿನ ಮೇಲೆ ಸಬ್ಬಕ್ಕಿ ಹರಡಿದ ಹಾಗೆ ಒಂದೇ ಪದರದಲ್ಲಿ ಮೊಟ್ಟೆ. ಹೆಬ್ಬೆರಳಿನ ತುದಿಯಷ್ಟಿರುವ ಪುಟಾಣಿ ಮೈಕ್ರೋಹೈಲಾ ಕಪ್ಪೆಗಳು ಅಂಚಿನ ಹುಲ್ಲಲ್ಲಿ ಕೂತು ಬಾಚಣಿಗೆ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ ಸದ್ದು ಮಾಡುತ್ತವೆ. ನೆಲಗಪ್ಪೆ ಇತ್ತು. ಹೊಂಗೆ ಮರದಲ್ಲಿ ನೊರೆ ಗೂಡು ಕಟ್ಟುವ ಮರಗಪ್ಪೆ ಇತ್ತು. ಇವುಗಳ ಜೊತೆಗೆ ಸದಾ ನೀರಿನಲ್ಲೇ ಇರುವ, ಕಾಲಿಟ್ಟರೆ ನೀರಿನ ಮೇಲೇ ಪಟಪಟ ಜಿಗಿದು ಹೋಗುವ ಕಪ್ಪೆ, ಅದು ಎಲ್ಲಾ ಕಡೆ ಇರುತ್ತದೆ.

ಎಲ್ಲವೂ ಒಂದೇ ಕುಂಟೆಯಲ್ಲಿ ಹೇಗೆ ಅಂದರೆ ಒಂದೊಂದರ ಗೊದಮೊಟ್ಟೆ ಒಂದೊಂದು ಕಡೆ ತಿನ್ನುತ್ತದೆ. ಮೈಕ್ರೋಹೈಲಾ ಮರಿಗಳು ನೀರಿನ ನಡುವೆ ತೂಗಾಡುತ್ತಾ ನೀರನ್ನೇ ಸೋಸಿ ತಿನ್ನುತ್ತವೆ, ಬಿಲಗಪ್ಪೆ ಮರಿಗಳು ತಳದಲ್ಲಿ ಪಾಚಿ ಕೆರೆಯುತ್ತವೆ, ಗೋಂಕರು ಮರಿಗಳು ಮಿಕ್ಕ ಮರಿಗಳನ್ನೇ ತಿನ್ನುತ್ತವೆ. ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ, ಪುಟಾಣಿಗಳಿಗೆ ಕಾಲು ಬಂದು ಮೇಲೆ ಹತ್ತಲು ಸುಮಾರು ಒಂದು ತಿಂಗಳು ಸಾಕು. ನೀರು ಕಮ್ಮಿ ಆಗಿ ಬಿಸಿ ಆಗುತ್ತಿದ್ದ ಹಾಗೆ ಗೊದಮೊಟ್ಟೆಗಳು ಅವಸರ ಮಾಡುತ್ತವೆ, ಮೈ ಚಿಕ್ಕದಾಗಿಯೇ ಇದ್ದರೂ ಬೇಗ ಕಪ್ಪೆ ಆಗಿ ಹೊರಡುತ್ತವೆ. ಅಂದರೆ ಬತ್ತುವುದು ಅವುಗಳಿಗೆ ಗೊತ್ತಿರುವ ವಿಷಯ.

ಈಗ 2021ಕ್ಕೆ ಬರೋಣ. ಹತ್ತು ದಿನ ಜೆಸಿಬಿ ಓಡಿತು. ಸೊಂಟದ ಆಳ ಇದ್ದದ್ದು ಎರಡಾಳು ಆಳ ಆಯಿತು. ಮೂರು ಕಡೆ ಗೋಡೆ ಹಾಗೆ ನೇರ ದಡ, ಒಂದು ಕಡೆ ಮಾತ್ರ ದನ ಇಳಿಯಲು ದಾರಿ. ಹೂಳನ್ನು ಟ್ರ್ಯಾಕ್ಟರ್‌ಗಳಲ್ಲಿ ರೈತರು ಹೊಲಕ್ಕೆ ಹೊಡೆದರು, ಉಳಿದದ್ದು ಏರಿ ಮೇಲೆ ಬಿತ್ತು. ಆ ವರ್ಷ ನವೆಂಬರ್‌ನಲ್ಲಿ ಜಿಲ್ಲೆಯಲ್ಲೆಲ್ಲಾ ಮಳೆ ಹುಯ್ದದ್ದು ನಿಮಗೂ ನೆನಪಿರಬಹುದು. ಕುಂಟೆ ತುಂಬಿ ಕೋಡಿ ಹೋಯಿತು. ಊರೆಲ್ಲಾ ಹೋಗಿ ಪೂಜೆ ಮಾಡಿ ಬಂದೆವು. ಮುಂದಿನ ಬೇಸಿಗೆಗೆ ಮೊದಲ ಸಲ ಕುಂಟೆ ಬತ್ತಲಿಲ್ಲ. ಯಾರೋ ಕಾಟ್ಲಾ, ರೋಹು ಮರಿ ಬಿಟ್ಟರು, ಜೊತೆಗೆ ಜಿಲೇಬಿ ಮೀನೂ ಬಂತು.

2022ರ ಮೇನಲ್ಲಿ ಒಳ್ಳೆ ಮಳೆ. ಮೂರನೇ ದಿನ ಕುರಿ ಮೇಯಿಸುವ ತಾತ ಬಸ್‌ಸ್ಟಾಂಡಿನ ಹತ್ತಿರ ಸಿಕ್ಕಿ, “ಮೇಷ್ಟ್ರೇ, ಕುಂಟೆ ಕಡೆ ಸದ್ದೇ ಇಲ್ವಲ್ಲ, ಏನ್ ಮಾಡಿದ್ರಿ ಎಲ್ಲಾ ಸೇರಿ?” ಅಂದರು. ನಾನು ರಾತ್ರಿ ಹೋದೆ. ತುಂಬಿದ ನೀರು, ದಡದಲ್ಲಿ ಆ ಜಿಗಿಯುವ ಕಪ್ಪೆಗಳು ಮಾತ್ರ, ಅವೂ ಮೊದಲಿಗಿಂತ ಜಾಸ್ತಿ. ಹಳದಿ ಕಪ್ಪೆ ಎರಡು ಕಂಡವು, ದನದ ದಾರಿಯ ಹತ್ತಿರ. ಹಳೇ ರೆಕಾರ್ಡಿಂಗ್ ಹಾಕಿ ಕೇಳಿದೆ, ಆಮೇಲೆ ಆಫ್ ಮಾಡಿ ಸುಮ್ನೆ ನಿಂತೆ. ಆ ವ್ಯತ್ಯಾಸ ಕಿವಿಗೆ ತಾಗಿದ್ದು ಇನ್ನೂ ಹೋಗಿಲ್ಲ.

ಕಾರಣ ಒಂದೇ ಅಲ್ಲ. ಮೀನು ಮೊದಲನೆಯದು. ಮೊಟ್ಟೆಯ ಪದರ ಬೆಳಗ್ಗೆ ಇದ್ದದ್ದು ಮಾರನೆ ದಿನಕ್ಕೆ ಇರುತ್ತಿರಲಿಲ್ಲ. ನೇರ ದಡ ಎರಡನೆಯದು. ಕೂಗುವ ಕಪ್ಪೆಗೆ ಪಾದ ಮುಳುಗುವಷ್ಟು ನೀರು, ಹುಲ್ಲು, ಹತ್ತಿ ಇಳಿಯುವ ಇಳಿಜಾರು ಬೇಕು. ಆಳದ ನೀರು ಬೇಗ ಬೆಚ್ಚಗಾಗುವುದಿಲ್ಲ, ಮರಿ ಬೇಗ ಬೆಳೆಯುವುದಿಲ್ಲ. ಮೂರನೆಯದನ್ನು ನಾವು ತಡವಾಗಿ ಗಮನಿಸಿದೆವು, ಅದು ಹೂಳು. ಕುಂಟೆಯ ಒಣ ಮಣ್ಣಿನಲ್ಲಿ ಫೇರಿ ಶ್ರಿಂಪ್ ಅನ್ನುವ ಬೆರಳುಗುರಿನಷ್ಟು ಉದ್ದದ, ಬೆನ್ನಡಿ ಮಾಡಿ ಈಜುವ ಜೀವಿಯ ಮೊಟ್ಟೆಗಳು ವರ್ಷಾನುಗಟ್ಟಲೆ ಒಣಗಿ ಕೂತಿರುತ್ತವೆ, ನೀರು ಬಿದ್ದ ಕೆಲವೇ ದಿನದಲ್ಲಿ ಒಡೆಯುತ್ತವೆ. ಹೂಳು ಅಂತ ನಾವು ಹೊತ್ತು ಹಾಕಿದ್ದರಲ್ಲಿ ಕುಂಟೆಯ ಬೀಜವೆಲ್ಲಾ ಹೋಯಿತು. ಇದರ ಜೊತೆ ಆ ಮಣ್ಣಿನಲ್ಲಿ, ದಡದಲ್ಲಿ ಹುದುಗಿದ್ದ ಕಪ್ಪೆಗಳು ಬೇಸಿಗೆಯ ಆ ಹತ್ತು ದಿನದಲ್ಲಿ ಬಕೆಟ್ಟಿನ ಹಲ್ಲಿಗೆ ಎಷ್ಟು ಸಿಕ್ಕವೋ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಯಾಕಂದರೆ ನಾನು ಅಲ್ಲೇ ನಿಂತಿದ್ದೆ.

ಕುಂಟೆ ಮುಚ್ಚಿ ಮೊದಲಿನ ಹಾಗೆ ಮಾಡಿ ಅಂತ ಕೇಳುವುದು ಆಗದ ಮಾತು. ಬೇಸಿಗೆಯಲ್ಲಿ ದನಕ್ಕೆ ಅಲ್ಲಿ ನೀರಿದೆ, ಅದು ಸಣ್ಣ ವಿಷಯ ಅಲ್ಲ. ಹಾಗಾಗಿ ನಾವು ಐದಾರು ಜನ, ಪಂಚಾಯ್ತಿ ಸದಸ್ಯರೊಬ್ಬರನ್ನೂ ಜೊತೆಗೆ ಸೇರಿಸಿಕೊಂಡು, ಬೇರೆ ದಾರಿ ಹಿಡಿದೆವು. ಆಳದ ಗುಂಡಿ ದನಕ್ಕೆ, ಮೀನಿಗೆ ಇರಲಿ. ಅದರ ಮೇಲ್ಗಡೆ, ಬಂಡೆಯ ಬುಡದಲ್ಲಿ, ಹಳೇ ನೀರಿನ ಜಾಡು ಹಾದುಹೋಗುವ ತಗ್ಗಿನಲ್ಲಿ ಒಂದು ಸಣ್ಣ ಕುಂಟೆ ಮಾಡೋಣ, ಎಂಟು ಗುಂಟೆ ಜಾಗ, ಮೊಣಕಾಲಿಗಿಂತ ಜಾಸ್ತಿ ಆಳ ಬೇಡ, ನಾಲ್ಕೂ ಕಡೆ ಇಳಿಜಾರು. ಕೈಯಲ್ಲೇ ಅಗೆದೆವು. 2023ರ ಏಪ್ರಿಲ್‌ಗೆ ಮುಗಿಯಿತು.

ಮೊದಲ ವರ್ಷ ಪೂರ್ತಿ ಸೋಲು. 2023 ಬರದ ವರ್ಷ. ಒಂದೇ ಒಂದು ಮಳೆಗೆ ತುಂಬಿತು, ಮೈಕ್ರೋಹೈಲಾ ಬಂದು ಮೊಟ್ಟೆ ಇಟ್ಟವು, ನಾವು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದೆವು. ಹನ್ನೆರಡನೇ ದಿನಕ್ಕೆ ನೀರು ಇಂಗಿಹೋಯಿತು. ಕಾಲು ಮೂಡದ ಗೊದಮೊಟ್ಟೆಗಳು ಕೆಸರಿನ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಬಿದ್ದಿದ್ದವು. ಬತ್ತಬೇಕು ನಿಜ, ಆದರೆ ತಿಂಗಳು ತುಂಬುವ ಮೊದಲು ಬತ್ತಿದರೆ ಅದು ಕಪ್ಪೆಗಳಿಗೆ ಹಾಕಿದ ಬೋನು ಅಷ್ಟೇ. ಕರೆದು ಕೊಂದ ಹಾಗೆ. ನಾವು ಅಗೆಯುವಾಗ ಮೇಲಿನ ಜೇಡಿ ಪದರ ತೆಗೆದು ಕೆಳಗಿನ ಮರಳು ನೆಲ ಬಿಡಿಸಿಬಿಟ್ಟಿದ್ದೆವು, ತಪ್ಪು ಅಲ್ಲೇ ಆಗಿತ್ತು.

ಇದಕ್ಕೆ ದಾರಿ ಹೇಳಿದ್ದು ಆ ಕುರಿ ತಾತನೇ. “ಏರಿ ಮೇಲೆ ಬಿದ್ದಿರೋ ಗೋಡು ತಂದು ಹಾಸ್ರಿ, ಒಂದ್ ಮಳೆ ಬೀಳ್ಲಿ, ಕುರಿ ನಾನು ಬಿಡ್ತೀನಿ” ಅಂದರು. ಗೋಡು ಅಂದರೆ ಹಳೇ ಕುಂಟೆಯದೇ ಹೂಳು, ಮೂರು ಟ್ರ್ಯಾಕ್ಟರ್ ಲೋಡು. ತೆಳ್ಳಗೆ ಹರಡಿದೆವು. 2024ರ ಮೊದಲ ಸಣ್ಣ ಮಳೆಗೆ ಅದು ಹದವಾಗಿ ನೆನೆದಾಗ ತಾತ ಕುರಿಮಂದೆಯನ್ನು ಒಳಗೆ ಬಿಟ್ಟು ಸುತ್ತು ಹೊಡೆಸಿದರು, ಆಮೇಲೆ ನಾಲ್ಕು ಎಮ್ಮೆ. ಕೆಸರು ತುಳಿದು ತುಳಿದು ರೊಟ್ಟಿ ಹಿಟ್ಟಿನ ಹಾಗೆ ನುಣ್ಣಗಾಯಿತು. ಮುಂದಿನ ದೊಡ್ಡ ಮಳೆಗೆ ನಿಂತ ನೀರು 38 ದಿನ ಇತ್ತು. ನಡುವೆ ಬಂದ ಎರಡು ಮಳೆಯೂ ಕೈಹಿಡಿಯಿತು ಅನ್ನಿ.

ಒಂಬತ್ತನೇ ದಿನ ಒಬ್ಬಳು ಹುಡುಗಿ ಸ್ಟೀಲ್ ಲೋಟದಲ್ಲಿ ನೀರು ಮೊಗೆದು “ಸಾರ್, ಇದೇನು ತಲೆಕೆಳಗಾಗಿ ಈಜ್ತಿದೆ?” ಅಂತ ತಂದಳು. ಫೇರಿ ಶ್ರಿಂಪ್! ಗೋಡಿನ ಜೊತೆ ಬೀಜವೂ ಬಂದಿತ್ತು. ಆಮೇಲೆ ಓದಿದಾಗ ಗೊತ್ತಾಯಿತು, ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಗುಂಡಿ ಮಾಡುವವರೂ ಹಳೇ ಗುಂಡಿಯ ಮೇಲ್ಮಣ್ಣು ತಂದು ಹಾಕುತ್ತಾರಂತೆ. ನಾವು ನೀರು ನಿಲ್ಲಲಿ ಅಂತ ಹಾಕಿದ್ದು, ಅದು ಎರಡು ಕೆಲಸ ಮಾಡಿತು. ಮೂವತ್ತನೇ ದಿನದ ಸುಮಾರಿಗೆ ಅಂಚಿನ ಒದ್ದೆ ಮಣ್ಣಲ್ಲಿ ಹುಣಸೆ ಬೀಜಕ್ಕಿಂತ ಚಿಕ್ಕ ಕಪ್ಪೆಗಳು. ಕೆಲವಕ್ಕೆ ಬಾಲದ ಮೋಟು ಇನ್ನೂ ಇತ್ತು. ಕಾಲಿಡಲು ಜಾಗ ಇರಲಿಲ್ಲ, ನಾವೆಲ್ಲಾ ಚಪ್ಪಲಿ ಬಿಟ್ಟು ಬಂಡೆ ಮೇಲೆ ಕೂತು ನೋಡಿದೆವು. ಬೆಳ್ಳಕ್ಕಿಗಳು ಬಂದು ಒಂದಷ್ಟು ತಿಂದವು. ತಿನ್ನಲಿ, ಅವಕ್ಕೂ ಇದೇ ಕಾಲ.

ಊರಲ್ಲಿ ಎರಡು ತಕರಾರು ಬಂದವು. ಒಂದು ಸೊಳ್ಳೆ. ನಿಂತ ನೀರು ಅಂದರೆ ಡೆಂಗಿ ಅಂತ ಹೆದರುವುದು ಸರಿಯೇ, ಆದರೆ ಡೆಂಗಿ ಸೊಳ್ಳೆ ಮರಿ ಮಾಡುವುದು ಮನೆಯ ಡ್ರಮ್ಮು, ಟೈರು, ತೆಂಗಿನ ಚಿಪ್ಪಿನಲ್ಲಿ. ಗೋಮಾಳದ ಕುಂಟೆಯಲ್ಲಿ ಸೊಳ್ಳೆ ಮರಿ ತಿನ್ನಲು ಏರೋಪ್ಲೇನ್ ಚಿಟ್ಟೆಯ ಮರಿಗಳಿವೆ, ನೀರು ತಿಗಣೆಗಳಿವೆ, ಗೋಂಕರು ಗೊದಮೊಟ್ಟೆಗಳೂ ತಿನ್ನುತ್ತವೆ. ಒಬ್ಬರು ಸೊಳ್ಳೆ ಮೀನು ಬಿಡೋಣ ಅಂದರು. ಗಂಬೂಸಿಯಾ ಅಂತ, 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತಂದ ಮೀನು. ಅದು ಸೊಳ್ಳೆ ಮರಿಯನ್ನಷ್ಟೇ ತಿನ್ನಲ್ಲ, ಕಪ್ಪೆ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ. ದಯವಿಟ್ಟು ಬೇಡ ಅಂತ ಕೈಮುಗಿದೆ, ಒಪ್ಪಿದರು.

ಇನ್ನೊಂದು ತಕರಾರು ನಮ್ಮದು, ಊರವರ ಮೇಲೆ. ಟೊಮೆಟೊ ತೋಟಕ್ಕೆ ಔಷಧಿ ಹೊಡೆದು ಬಂದು ಸ್ಪ್ರೇ ಕ್ಯಾನ್ ಅನ್ನು ಕುಂಟೆಯಲ್ಲಿ ತೊಳೆಯುತ್ತಿದ್ದರು. ಮೊಣಕಾಲು ನೀರಿನಲ್ಲಿ ಒಂದು ಕ್ಯಾನ್ ತೊಳೆದರೂ ಸಾಕು. ಕಳೆನಾಶಕ ಗ್ಲೈಫೊಸೇಟ್‌ನ ಜೊತೆ ಸೇರಿಸುವ ಸೋಪಿನಂಥ ದ್ರಾವಣವೇ ಗೊದಮೊಟ್ಟೆಗೆ ವಿಷ. ಬೋರ್ಡು ಹಾಕಿದೆವು, ಯಾರೂ ಓದಲಿಲ್ಲ. ಆಮೇಲೆ ತೋಟದ ಪಕ್ಕದಲ್ಲೇ ಒಂದು ಡ್ರಮ್ಮು ನೀರು ಇಟ್ಟೆವು. ಕುಂಟೆವರೆಗೆ ನಡೆಯುವುದು ಯಾರಿಗೆ ಬೇಕು ಹೇಳಿ, ಅಲ್ಲೇ ತೊಳೆಯಲು ಶುರು ಮಾಡಿದರು. ಇದೇ ಸುತ್ತಾಟದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳನ್ನೂ ನೋಡಿದೆವು. ಕಪ್ಪೆಗಳು ಬಿದ್ದರೆ ಜಾರುವ ಗೋಡೆ ಹತ್ತಲಾಗದೆ ಸುತ್ತಿ ಸುತ್ತಿ ಸಾಯುತ್ತವೆ. ಹಳೇ ಗೋಣಿಚೀಲಗಳನ್ನು ಒಂದಕ್ಕೊಂದು ಹೊಲಿದು ನಾಲ್ಕು ಮೂಲೆಗೂ ನೀರಿನವರೆಗೆ ಇಳಿಬಿಟ್ಟರೆ ಸಾಕು, ಹತ್ತಿಕೊಂಡು ಬರುತ್ತವೆ. ಖರ್ಚಿಲ್ಲದ ಕೆಲಸ, ಹೊಂಡ ಇರುವವರು ಈ ವಾರವೇ ಮಾಡಬಹುದು ಅಲ್ವಾ?

ಕಾನೂನು ಇದಕ್ಕೆ ಅಷ್ಟಾಗಿ ಒದಗಿ ಬರುವುದಿಲ್ಲ. ಇಸ್ರೋ ಮಾಡಿದ ದೇಶದ ಜೌಗು ಪ್ರದೇಶಗಳ ನಕ್ಷೆಯಲ್ಲಿ 2.25 ಹೆಕ್ಟೇರ್‌ಗಿಂತ ಚಿಕ್ಕವು ಬರೀ ಚುಕ್ಕೆಗಳು. ಅಂದರೆ ಐದೂವರೆ ಎಕರೆಗಿಂತ ಚಿಕ್ಕದಕ್ಕೆ ಆಕಾರವೂ ಇಲ್ಲ. 2017ರ ಜೌಗು ಪ್ರದೇಶ ನಿಯಮಗಳು ನೀರಾವರಿಗೆ, ಕುಡಿಯುವ ನೀರಿಗೆ ಅಂತ ಜನ ಕಟ್ಟಿದ್ದನ್ನು ಹೊರಗಿಡುತ್ತವೆ. ನಮ್ಮ ಎಂಟು ಗುಂಟೆಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಹಾಗಾಗಿ ಗ್ರಾಮಸಭೆಯಲ್ಲಿ ಒಂದು ನಿರ್ಣಯ ಬರೆಸಿದೆವು: ಮೇಲಿನ ಕುಂಟೆಗೆ ಮೀನು ಬಿಡಬಾರದು, ಯಂತ್ರ ಇಳಿಸಬಾರದು, ಬಂಡೆಯಿಂದ ಬರುವ ನೀರಿನ ಜಾಡಿಗೆ ಅಡ್ಡ ಏನೂ ಕಟ್ಟಬಾರದು. ಈ ಮೂರು ಸಾಲಿಗೆ ಎಷ್ಟು ಬಲ ಇದೆಯೋ, ಸದ್ಯ ನಮ್ಮ ಹತ್ತಿರ ಇರುವುದು ಅಷ್ಟೇ. ನನಗೆ ಇನ್ನೂ ಜಾಸ್ತಿ ಚಿಂತೆ ಗೋಮಾಳದ್ದು. ಕಪ್ಪೆ ಕುಂಟೆಯಲ್ಲಿ ಇರುವುದು ಒಂದೆರಡು ತಿಂಗಳು, ಮಿಕ್ಕ ಕಾಲ ಸುತ್ತಲಿನ ನೆಲದೊಳಗೆ. ಆ ನೆಲಕ್ಕೆ ಸೈಟು ಬಂದರೆ, ಲೇಔಟು ಬಂದರೆ, ಕುಂಟೆ ಇಟ್ಟುಕೊಂಡು ಏನು ಮಾಡುವುದು?

2025ರ ಮಳೆಗಾಲದ ಕೊನೆಗೆ ಮೇಲಿನ ಕುಂಟೆಯಲ್ಲಿ ನಾವು ಕೇಳಿದ್ದು: ಮೈಕ್ರೋಹೈಲಾ ತುಂಬಾ, ಬಿಲಗಪ್ಪೆ ಸಾಕಷ್ಟು, ನೆಲಗಪ್ಪೆ, ಮರಗಪ್ಪೆಯ ನೊರೆ ಗೂಡು ಎರಡು, ಗೋಂಕರು ಕಪ್ಪೆ ಏಳು ಅಥವಾ ಎಂಟು. ಬಲೂನ್ ಕಪ್ಪೆ ಬಂದಿಲ್ಲ. ಮೂರು ಮಳೆಗಾಲ ಕಾದಿದ್ದೇವೆ. ಏರಿಯ ಪೂರ್ವ ಮಗ್ಗುಲಲ್ಲಿ, ಹಳೇ ಹುತ್ತದ ಸುತ್ತ, ಜೆಸಿಬಿ ಮುಟ್ಟದ ಒಂದು ಪಟ್ಟಿ ನೆಲ ಇದೆ. ಇದ್ದರೆ ಅಲ್ಲೇ ಇರಬೇಕು ಅನ್ನುತ್ತಾರೆ ತಾತ, ಅಲ್ಲಿ ಗೆದ್ದಲು ಇನ್ನೂ ಇದೆ. ಭರಣಿ ಮಳೆಗೆ ಮುಂಚೆ ನೀರಿನ ಜಾಡಿನ ಬಾಯಿಗೆ ಕಟ್ಟಿಕೊಂಡಿರುವ ಮರಳು ತೆಗೆಯಬೇಕು. ನಾಲ್ಕು ಸನಿಕೆ, ಆರು ಮಂಕರಿ ಆಗಲೇ ಎತ್ತಿಟ್ಟಿದ್ದೇವೆ. ಹುತ್ತದ ಕಡೆ ಯಾರೂ ಕಾಲಿಡದ ಹಾಗೆ ಜಾಲಿ ಮುಳ್ಳು ಹಾಕಿ ಬಂದಿದ್ದೇವೆ.